ದಾರಿಗೆ ಬೆನ್ನು

ಕಲ್ಲುಗುಡ್ಡ ಬಳಸಿ ಬರುವ ದಾರಿ ಒಂದು ಊರಿನ ಬಾಗಿಲಿಗೆ ತಾಗಿ ಹಾಗೇ ಮುಂದಕ್ಕೆ ಹೋಗುತ್ತದೆ. ಆ ಊರಿನ ಹೆಸರು ಕೇಳಬೇಡಿ. ದೂರದಿಂದಲೇ ಕಿವಿಗೆ ಬೀಳುವ ಊರಿಗೆ ಹೆಸರು ಯಾಕೆ?

ಊರು ಹಾಡುತ್ತಿರುತ್ತದೆ. ಬಾಗಿಲಿನ ಒಳಗೇ ಒಂದು ದೊಡ್ಡ ಅಂಗಳ, ಅಲ್ಲಿ ಜನ ಸಾಲು ಹಿಡಿದು ನಿಂತಿರುತ್ತಾರೆ. ತೆಳುದನಿಯ ಹೆಂಗಸರು ಎಡಕ್ಕೆ, ದಪ್ಪದನಿಯ ಗಂಡಸರು ಬಲಕ್ಕೆ, ನಡುವೆ ಪಿಟೀಲು, ಕೊಳಲು, ಅವರ ಬೆನ್ನಿಗೆ ಕೊಂಬು ಕಹಳೆ, ತೀರಾ ಹಿಂದೆ ನಗಾರಿ. ಒಂದು ಸಾಲು ಹಾಡುವಾಗ ಇನ್ನೊಂದು ಸಾಲು ಮನೆಗೆ ಹೋಗುತ್ತದೆ, ಒಲೆ ಹಚ್ಚುತ್ತದೆ, ಮದುವೆಯಾಗುತ್ತದೆ, ಜಗಳ ಆಡಿ ಮತ್ತೆ ಬಂದು ನಿಲ್ಲುತ್ತದೆ. ಹಾಡು ಮಾತ್ರ ನಿಲ್ಲುವುದಿಲ್ಲ. ಅವರೆಲ್ಲರ ಎದುರಿಗೆ, ದಾರಿಗೆ ಬೆನ್ನು ಹಾಕಿ, ಒಬ್ಬ ಕೈ ಎತ್ತಿಕೊಂಡು ನಿಂತಿರುತ್ತಾನೆ. ಅವನನ್ನು ಕೈಯವನು ಅನ್ನುತ್ತಾರೆ.

ಆ ಊರಲ್ಲಿ ಉಸಿರು ಕೈಯವನದು. ಅವನ ಕೈ ಮೇಲೆದ್ದರೆ ಜನ ಉಸಿರು ಎಳೆದುಕೊಳ್ಳುತ್ತಾರೆ, ಕೈ ಹರಿದ ಹಾಗೆ ಬಿಡುತ್ತಾರೆ. ಹಾಡುವವರೂ ಅಷ್ಟೇ, ಒಲೆ ಊದುವವರೂ ಅಷ್ಟೇ, ಕೈ ಕಾಣದ ಕೋಣೆಯ ತೊಟ್ಟಿಲಲ್ಲಿ ಮಲಗಿದ ಕೂಸೂ ಅಷ್ಟೇ. ಕೈ ಪೂರ್ತಿ ಕೆಳಗೆ ಬಿದ್ದರೆ ಏನಾಗುತ್ತದೆ ಅಂತ ಯಾರೂ ನೋಡಿರಲಿಲ್ಲ, ನೋಡುವ ಆಸೆಯೂ ಯಾರಿಗೂ ಇರಲಿಲ್ಲ. ಇಷ್ಟು ಬಾಯಿಗಳ ಎದುರು ಸದ್ದು ಮಾಡದೆ ನಿಲ್ಲುವವನು ಕೈಯವನೊಬ್ಬನೇ.

ಈಗಿನ ಕೈಯವನು ಆ ಊರಿನವನಲ್ಲ. ಅಕ್ಷರ ತಿದ್ದುವ ವಯಸ್ಸಿಗೇ ದಾರಿ ಹಿಡಿದವನು. ಒಂದು ಊರಲ್ಲಿ ಉಂಡು ಇನ್ನೊಂದು ಊರಲ್ಲಿ ಕೈ ತೊಳೆಯುವ ಜಾತಿ. ಹೋದಲ್ಲೆಲ್ಲ ಹಾಡುತ್ತಿದ್ದ, ಹಾಡಿದಲ್ಲಿ ಅನ್ನ ಸಿಗುತ್ತಿತ್ತು. ಅವನೇ ಕಟ್ಟಿದ ಹಾಡು ಒಂದಿತ್ತು:

ಮುಂದೆ ಹೋಗೋ ದಾರಿಯೇ, ಹಿಂದೆ ಏನ ಬಿಟ್ಟೆ?
ಧೂಳಿನೊಳಗೆ ಕಾಲ ಗುರುತು, ಗಾಳಿಗದನು ಕೊಟ್ಟೆ.

ಮೂರನೆಯ ಸಾಲು ಸಿಕ್ಕಿರಲಿಲ್ಲ. ಮುಂದಿನ ಊರಲ್ಲಿ ಸಿಗುತ್ತದೆ ಅಂದುಕೊಳ್ಳುತ್ತಿದ್ದ. ಅಲ್ಲಿ ಸಿಗದಿದ್ದರೆ ಅದರ ಮುಂದಿನ ಊರು ಇದ್ದೇ ಇತ್ತಲ್ಲ.

ಒಂದು ಮಧ್ಯಾಹ್ನ ಈ ಬಾಗಿಲಿಗೆ ಬಂದ. ಆಗ ಬಾಗಿಲ ಬಳಿ ಒಟ್ಟಿದ ಕಲ್ಲುಗಳ ಮೇಲೆ ಹಳೆಯ ಕೈಯವನು ನಿಂತಿದ್ದ. ಮುದುಕ, ತೋಳು ಒಣಗಿದ ಕೊಂಬೆ. ಬೆನ್ನ ಹಿಂದೆ ಹೆಜ್ಜೆ ಸದ್ದು ಕೇಳಿದ್ದೇ ಮುದುಕ ಇದ್ದಬದ್ದ ಬಲ ಹಾಕಿ ಕೈಯನ್ನು ಇನ್ನೂ ಎತ್ತರಕ್ಕೆ ಎತ್ತಿದ. ಹಿಂದಿನಿಂದ ನೋಡಿದವನಿಗೆ ಏನು ಗೊತ್ತಾಗಬೇಕು? ಯಾರೋ ಹಿರಿಯರು, ದಾರಿಹೋಕನಿಗೆ ಕೈ ಎತ್ತಿ 'ಬಾಪ್ಪಾ' ಅನ್ನುತ್ತಿದ್ದಾರೆ ಅಂದುಕೊಂಡ. ಮರ್ಯಾದೆಗೆ ತಾನೂ ಕೈ ಎತ್ತಿದ.

"ಶರಣು ಯಜಮಾನ್ರೇ" ಅಂದ.

ಅಷ್ಟೇ ಆದದ್ದು. ಎತ್ತಿದ ಕೈಗೆ ದಾರಿಯ ಕಡೆಯಿಂದ ಎತ್ತಿದ ಕೈ ಉತ್ತರ ಕೊಟ್ಟರೆ ಹಾಡು ಕೈ ಬದಲಾಗುತ್ತದೆ, ಅದು ಆ ಊರಿನ ಕಟ್ಟಳೆ. ಊರಿನ ಕಣ್ಣುಗಳೆಲ್ಲ ಆ ಕೈ ಬಿಟ್ಟು ಈ ಕೈಗೆ ತಿರುಗಿದವು. ಎಲ್ಲರೂ ಒಟ್ಟಿಗೆ ಉಸಿರು ಎಳೆದುಕೊಂಡರು. ಆಳದ ಬಾವಿಯಿಂದ ತುಂಬಿದ ಕೊಡ ಎಳೆದ ಹಾಗೆ ಬೆರಳ ತುದಿಗೆ ಭಾರ ಬಂತು.

ಮುದುಕನನ್ನು ಊರೇ ಭುಜ ಕೊಟ್ಟು ಇಳಿಸಿತು, ಅವನ ಕಾಲಡಿಯ ಕಲ್ಲುಗಳನ್ನು ಜನ ತಮ್ಮ ತಮ್ಮ ಹೊಸಿಲಿಗೆ ಹೊತ್ತುಕೊಂಡು ಹೋದರು. ಮುದುಕ ತೋಳು ತಿಕ್ಕಿಕೊಳ್ಳುತ್ತಾ ಹತ್ತಿರ ಬಂದ.

"ಬಂದೆಯಾ ಮಗಾ. ತಡ ಮಾಡಿಬಿಟ್ಟೆ."

"ಏನಿದು ಯಜಮಾನ್ರೇ? ನಾನು ಸುಮ್ಮನೆ..."

"ಶ್! ಇನ್ನು ನಿನಗೆ ಬಾಯಿಲ್ಲ. ಕೈ ಇಳಿಸೀಯ ಮತ್ತೆ! ಮುಂದಿನ ಸಾಲಲ್ಲಿ ನೋಡು, ಬಸುರಿ. ಅವಳದ್ದೂ ಹೊಟ್ಟೆಯೊಳಗಿನದ್ದೂ, ಎರಡು ಉಸಿರು ನಿನ್ನ ಬೆರಳ ಮೇಲಿದೆ."

ಎಷ್ಟು ಹೊತ್ತು ಎಂದು ಅವನು ಹುಬ್ಬಿನಲ್ಲೇ ಕೇಳಿದ.

"ಎಷ್ಟು ಹೊತ್ತು ಅಂದ್ರೆ? ಒಂದು ತುತ್ತು ಅನ್ನ ಬಾಯಿಗೆ ಹಾಕ್ಕೊಂಡು ಬರ್ತೀನಿ" ಅಂದ ಮುದುಕ.

ಹೋದ. ಉಂಡ. ಬಂದವನು ದಪ್ಪದನಿಯವರ ಕೊನೆಯ ಸಾಲಿಗೆ ಸೇರಿಕೊಂಡು ಬಾಯಿ ಅಗಲಿಸಿ ಹಾಡಿದ. ಕಣ್ಣಲ್ಲಿ ಧಾರಾಕಾರ ನೀರು. ಮತ್ತೆ ಇವನ ಹತ್ತಿರಕ್ಕೆ ಬರಲಿಲ್ಲ.

ಮೊದಮೊದಲು ಹೊಸ ಕೈ ಹಾಡನ್ನು ಕುಂಟಿಸಿತು. ಸದ್ದು ಬರುವುದಕ್ಕೆ ಮುಂಚೆಯೇ ಕೈ ಹೊರಡಬೇಕು ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಅವನು ಸದ್ದಿನ ಜೊತೆ ಕೈ ಆಡಿಸಲು ಹೋಗಿ ಹಿಂದೆ ಬೀಳುತ್ತಿದ್ದ. ಜನ ಏದುಸಿರು ಬಿಟ್ಟರು. ಅವನಿಗೆ ಉಣಿಸುವ ಕೆಲಸ ಊರಿನ ದೊಡ್ಡಮ್ಮನದು. ತುತ್ತು ಕಟ್ಟಿ ಬಾಯಿಗಿಡುತ್ತಾ ಅವಳು ಬೈಯುತ್ತಿದ್ದಳು:

"ಎಲ್ಲಿಂದ ಬಂದ್ಯೋ ಪುಣ್ಯಾತ್ಮ! ನಿನ್ನ ಕೈ ನಂಬಿ ನನಗೆ ಬಿಕ್ಕಳಿಕೆ ಹತ್ಕೊಂಡಿದೆ. ಆ ಕೈ ನೊಣ ಹೊಡೆಯೋದಕ್ಕೂ ಲಾಯಕ್ಕಿಲ್ಲ."

ಅವಳು ಹಾಗಂದ ದಿನವೇ ಒಂದು ನೊಣ ಬಂದು ಅವನ ಕೆನ್ನೆಯ ಮೇಲೆ ಕೂತಿತು. ಎಡಗೈಯಲ್ಲಿ ಪಟ್ಟನೆ ಹೊಡೆದ. ನಗಾರಿಯವರು ಅದನ್ನೇ ಸನ್ನೆ ಅಂದುಕೊಂಡು ಒಂದು ಪೆಟ್ಟು ಕೊಟ್ಟರು. ಎಂಥಾ ಪೆಟ್ಟು ಅಂದರೆ, ಅಂಗಳದ ಧೂಳು ಮೇಲೆದ್ದು ನಿಂತಿತು. ಊರು ಬೆಚ್ಚಿತು, ಆಮೇಲೆ ನಕ್ಕಿತು, ಆಮೇಲೆ ಒಪ್ಪಿತು. ಅದು ಹಾಡಿನೊಳಗೆ ಹಾಗೇ ಉಳಿದುಹೋಯಿತು. ಅವತ್ತು ಸಂಜೆ ಕಲ್ಲುಕುಟಿಗರು ಒಂದು ಚಪ್ಪಡಿ ತಂದು ಅವನ ಕಾಲಡಿ ಇಟ್ಟರು.

ಮೆಚ್ಚುಗೆಗೆ ಆ ಊರಲ್ಲಿ ಅದೊಂದೇ ದಾರಿ. ಕೈ ಚೆನ್ನಾಗಿ ನಡೆದರೆ ಕಾಲಡಿಗೆ ಕಲ್ಲು.

ಕೈ ಚೆನ್ನಾಗಿಯೇ ನಡೆಯಿತು. ಅವನು ಕಲಿತ. ಉಸಿರಿಗೆ ಮುಂಚೆ ಉಸಿರು ಕೊಡುವುದು ಕಲಿತ. ಬಲಗೈಯಲ್ಲಿ ನಡಿಗೆ, ಎಡಗೈಯಲ್ಲಿ ಉಬ್ಬರ ಇಳಿತ. ಅಂಗೈ ಕವುಚಿದರೆ ಇಡೀ ಅಂಗಳ ಇರುವೆ ನಡೆದಷ್ಟು ಮೆಲ್ಲಗಾಗುತ್ತಿತ್ತು. ಬೆರಳು ಬಿಡಿಸಿದರೆ ಕಹಳೆಗಳು ಬೆಳಗಾಗುತ್ತಿದ್ದವು. ಯಾವ ಹೆಂಗಸು ಯಾವ ಸ್ವರಕ್ಕೆ ಹೆದರುತ್ತಾಳೆ, ಯಾವ ಕೊಂಬಿನವನು ಆತುರಗಾರ, ಎಲ್ಲ ಅವನ ಕಣ್ಣಿಗೆ ಗೊತ್ತಿತ್ತು. ಹೆದರುವವಳ ಕಡೆ ಸ್ವರಕ್ಕಿಂತ ಒಂದು ಚೂರು ಮುಂಚೆ ನೋಡುತ್ತಿದ್ದ, ಅವಳು ದಾಟಿಬಿಡುತ್ತಿದ್ದಳು. ಆ ದಾಟಿದ ಮುಖ ನೋಡುವುದು ಅವನಿಗೆ ಇಷ್ಟವಾಗುತ್ತಿತ್ತು. ಇಲ್ಲ ಅಂದರೆ ಸುಳ್ಳಾಗುತ್ತದೆ.

ಕಲ್ಲಿನ ಮೇಲೆ ಕಲ್ಲು ಬಂತು. ದೊಡ್ಡಮ್ಮ ಮೊದಲು ಕೈಚಾಚಿ ಉಣಿಸುತ್ತಿದ್ದಳು, ಆಮೇಲೆ ಮಣೆ ಹಾಕಿಕೊಂಡು, ಆಮೇಲೆ ಏಣಿ ಹತ್ತಿ, ಕೊನೆಗೆ ಬಿದಿರಿನ ತುದಿಗೆ ಸೌಟು ಕಟ್ಟಿ. ಕತ್ತಲಾದಾಗ ಹಾಡನ್ನು ತೊಟ್ಟಿಲಷ್ಟು ಮೆಲ್ಲಗೆ ಇಳಿಸಿ, ಮೊಣಕೈಗೆ ಕವೆಗೋಲು ಆನಿಸಿಕೊಂಡು ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದ. ನಿದ್ದೆಯಲ್ಲೂ ಮಣಿಕಟ್ಟು ಆಡುತ್ತಿತ್ತು.

ದೂರದ ಊರುಗಳಿಂದ ಜನ ಕೇಳಲು ಬಂದರು. ಅವರಿಗೆ ದಾರಿಯ ಕಡೆ ಚಾಪೆ. ಕೂತವರ ಎರಡೂ ಕೈಗೆ ದೊಡ್ಡಮ್ಮ ನೀರು ತುಂಬಿ ತುಳುಕುವ ಒಂದೊಂದು ಬಟ್ಟಲು ಕೊಡುತ್ತಿದ್ದಳು.

"ಒಂದು ಹನಿ ಚೆಲ್ಲಬಾರದು ನೋಡಪ್ಪಾ. ಚೆಲ್ಲಿದ್ರೆ ಹೊರಗೆ."

ಬಟ್ಟಲು ಹಿಡಿದ ಕೈ ಮೇಲೇಳುವುದಿಲ್ಲ. ಈ ಕೈಯವನನ್ನು ಕಳೆದುಕೊಳ್ಳುವ ಮನಸ್ಸು ಊರಿಗಿರಲಿಲ್ಲ. ಮುದುಕ ಸೋತಿದ್ದ ಕಾಲಕ್ಕೆ ಯಾರೂ ಬಟ್ಟಲು ಕೊಟ್ಟಿರಲಿಲ್ಲ ಅನ್ನುವುದು ಇವನಿಗೆ ಆಗ ಅರ್ಥವಾಯಿತು. ಬಟ್ಟಲು ಹಿಡಿದವರು ಚಪ್ಪಾಳೆಯನ್ನೂ ತಟ್ಟುವಂತಿಲ್ಲ. ಅವರು ನೋಡಿದ್ದು ಅವನ ಬೆನ್ನನ್ನು. ಊರೂರಲ್ಲಿ ಅವನ ಬೆನ್ನು ಹೆಸರಾಯಿತು. ಮುಖ ಹೊತ್ತುಕೊಂಡು ಸಂತೆಗೆ ಹೋದರೆ ಅವನನ್ನು ಯಾರೂ ಗುರುತು ಹಿಡಿಯುತ್ತಿರಲಿಲ್ಲ.

ಇಳಿಯಬೇಕು ಅನ್ನುವುದನ್ನು ಊರಿಗೆ ಹೇಳಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಅವನಿಗಿದ್ದದ್ದು ಕೈ, ಆ ಕೈ ಏನು ಮಾಡಿದರೂ ಅದು ಹಾಡೇ ಆಗುತ್ತಿತ್ತು. ಸಾಕು ಎಂದು ಕೈ ಒದರಿದರೆ ಕೊಳಲಿನವರು ಹಕ್ಕಿ ಹಾರಿಸಿದರು. ಕೆಳಗಿಳಿಸಿ ಎಂದು ನೆಲ ತೋರಿಸಿದರೆ ದಪ್ಪದನಿಯವರು ಪಾತಾಳಕ್ಕಿಳಿದರು. ಕೈ ಮುಗಿಯಲು ಹೋದಾಗ ಎಡಬಲ ಎರಡೂ ಗುಂಪು ಒಂದೇ ಸ್ವರದಲ್ಲಿ ಬಂದು ಸೇರಿ, ಊರಿಗೆ ಊರೇ ಅತ್ತುಬಿಟ್ಟಿತು. ಒಂದೊಂದಕ್ಕೂ ಒಂದೊಂದು ಕಲ್ಲು. ಒಮ್ಮೆ ಕಟ್ಟಳೆ ಮುರಿದು ಕೂಗಿಯೇ ಬಿಡೋಣ ಅಂತ ಬಾಯಿ ತೆರೆದ. ತೆರೆದ ಬಾಯಿಯನ್ನೂ ಸನ್ನೆ ಅಂದುಕೊಂಡು ಇಡೀ ಅಂಗಳ ಬಾಯಿ ಅಗಲಿಸಿ ಆರ್ಭಟಿಸಿತು. ಅವನ ಕೂಗು ಅದರಡಿ ಹೂತುಹೋಯಿತು.

ದೊಡ್ಡಮ್ಮ ಬಿದಿರಿನ ತುದಿಯಲ್ಲಿ ಪಾಯಸ ಕಳಿಸುತ್ತಾ, "ಇವತ್ತು ಬಾಯಲ್ಲೇ ಹಾಡಿಸಿಬಿಟ್ಟೆಯಲ್ಲೋ, ಕಳ್ಳ!" ಅಂದಳು.

ದಾರಿ ಬೆನ್ನ ಹಿಂದೆ ಇತ್ತು. ಅವನು ಅದನ್ನು ನೋಡದೆ ಎಷ್ಟೋ ಕಾಲವಾಗಿತ್ತು. ಅಂದು ಬಸುರಿಯಾಗಿದ್ದವಳ ಮಗಳು ಈಗ ಮುಂದಿನ ಸಾಲಲ್ಲಿ ನಿಂತು ಹಾಡುತ್ತಿದ್ದಳು.

ಹೀಗಿರುವಾಗ ಒಂದು ದಿನ ಬೆಳಗ್ಗೆ ದಾರಿಯ ಕಡೆಯಿಂದ ಒಂದು ಹೆಂಗಸಿನ ದನಿ ಬಂತು.

"ಚಾಕೂ, ಕತ್ತರೀ, ಕುಡುಗೋಲೂ... ಸಾಣೆ ಹಿಡಿಸ್ಕೊಳ್ರವ್ವಾ!"

ಸಾಣೆಯವಳು. ಸಾಣೆಚಕ್ರವನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುವವಳು. ದೊಡ್ಡಮ್ಮ ಬಟ್ಟಲು ತೆಗೆದುಕೊಂಡು ಬಾಗಿಲಿಗೆ ಓಡಿದಳು.

"ಹಿಡ್ಕೋ ಇದನ್ನ."

"ನೀರು ಆಮೇಲೆ ಕುಡೀತೀನಿ ತಾಯಿ. ಹಿಡ್ಕೊಂಡ್ರೆ ಚಕ್ರ ಯಾರು ತಿರುಗಿಸ್ತಾರೆ, ನಿಮ್ಮತ್ತೆಯಾ?"

ದೊಡ್ಡಮ್ಮನ ಈಳಿಗೆಮಣೆ ಮೊಂಡಾಗಿ ಸುಮಾರು ಕಾಲವಾಗಿತ್ತು. ಕುಂಬಳಕಾಯಿ ಹೆಚ್ಚಲು ಕೂತರೆ ಕಾಯಿ ಬದಲು ಬೆರಳು ಜಾರುತ್ತಿತ್ತು. ಅವಳು ಯೋಚನೆ ಮಾಡಿದಳು. ಚಕ್ರ ತಿರುಗಿಸುವ ಕೈಗೂ ಬಿಡುವಿಲ್ಲ, ಅಲಗು ಹಿಡಿಯುವ ಕೈಗೂ ಬಿಡುವಿಲ್ಲ. ಇದೂ ಬಟ್ಟಲಿನ ಹಾಗೇ. "ಸರಿ, ಕೂತ್ಕೋ. ಕೈ ಮಾತ್ರ ಸುಮ್ಮನಿರಿಸಬೇಡ" ಅಂದಳು.

ಸಾಣೆ ತಿರುಗಿತು. ಕಲ್ಲಿಗೆ ಕಬ್ಬಿಣ ಉಜ್ಜುವ ಆ ಕಿರ್ ಸದ್ದಿಗೆ ಕೈಯವನ ಮೈಯೆಲ್ಲ ಜುಮ್ಮೆಂದಿತು. ಎಷ್ಟೋ ಕಾಲದ ಮೇಲೆ ಅವನ ಕೈಯನ್ನು ಕೇಳದೆ ಹುಟ್ಟಿದ ಒಂದು ಸದ್ದು ಅದು. ಇನ್ನೂ ಕೇಳಬೇಕು ಅನ್ನಿಸಿ ಎಡಗೈ ಕವುಚಿದ. ಅಂಗಳ ಇರುವೆ ನಡೆದಷ್ಟು ಮೆಲ್ಲಗಾಯಿತು.

ಸಾಣೆಯವಳು ಕೆಲಸ ಮಾಡುತ್ತಾ ಹಾಡಿಕೊಂಡಳು. ಮೂಗಿನೊಳಗೆ, ತನ್ನಷ್ಟಕ್ಕೆ.

ಮುಂದೆ ಹೋಗೋ ದಾರಿಯೇ, ಹಿಂದೆ ಏನ ಬಿಟ್ಟೆ?
ಧೂಳಿನೊಳಗೆ ಕಾಲ ಗುರುತು, ಗಾಳಿಗದನು ಕೊಟ್ಟೆ.

ಅವನ ಬಲಗೈ ನಡುಗಿತು. ಪಿಟೀಲುಗಳೂ ನಡುಗಿದವು.

"ಚೆನ್ನಾಗಿದೆ ಕಣೇ. ಮುಂದಿಂದು ಹಾಡು" ಅಂದಳು ದೊಡ್ಡಮ್ಮ.

"ಮುಂದಿಂದು ಯಾರಿಗೂ ಬರಲ್ಲ ತಾಯಿ. ಗುಡ್ಡದಾಚೆ ಎಲ್ಲಾ ಊರಲ್ಲೂ ಇಷ್ಟೇ ಹಾಡ್ತಾರೆ, ಆಮೇಲೆ ಸುಮ್ಮನಾಗ್ತಾರೆ. ಕಟ್ಟಿದವನು ಎಲ್ಲೋ ಕಳೆದುಹೋದನಂತೆ."

"ಸತ್ತನೋ?"

"ಯಾರಿಗೆ ಗೊತ್ತು. ಮನೆ ಮಾಡಿಕೊಂಡು ಎರಡೂ ಹೊತ್ತು ಉಣ್ತಾ ಇದ್ದಾನೋ ಏನೋ. ಅದೂ ಒಂಥರಾ ಸತ್ತ ಹಾಗೇ ಅಲ್ವಾ, ನಮ್ಮಂಥೋರಿಗೆ?"

ಇಬ್ಬರೂ ನಕ್ಕರು. ಕಲ್ಲಿನ ಮೇಲಿದ್ದವನು ತುಟಿ ಕಚ್ಚಿಕೊಂಡ. ತುಟಿ ಕಚ್ಚಿದ್ದು ನೋಡಿ ಹೆಂಗಸರು ಸ್ವರವನ್ನು ಹಲ್ಲಿನ ನಡುವೆ ಹಿಡಿದರು.

ಅಲಗು ಹರಿತವಾಯಿತು. ದೊಡ್ಡಮ್ಮ ಅದನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡಿ ಹಿಗ್ಗಿದಳು. ಹಿಗ್ಗಿನಲ್ಲಿ ಮೈಮರೆತಳು. "ಇರು, ಬರಿಗೈಲಿ ಹೋಗಬೇಡ, ಎರಡು ರೊಟ್ಟಿ ತರ್ತೀನಿ" ಅಂತ ಒಳಗೆ ನಡೆದಳು.

ಈಗ ಸಾಣೆಯವಳ ಎರಡೂ ಕೈ ಖಾಲಿ.

ಕೈಯವನು ಅದನ್ನು ಕಾಣಲಿಲ್ಲ, ಕೇಳಿದ. ಸಾಣೆ ನಿಂತದ್ದು ಕೇಳಿದ. ಚಕ್ರವನ್ನು ಹೆಗಲಿಗೆ ಏರಿಸುವಾಗಿನ ಅವಳ 'ಹುಂ' ಕೇಳಿದ. ಅವಳ ಬಲಗೈ ತುಂಬ ಗಾಜಿನ ಬಳೆಗಳಿವೆ ಅನ್ನುವುದೂ ಕಿವಿಗೆ ಗೊತ್ತಾಗಿತ್ತು. ಈಗ ಅವು ಮಣಿಕಟ್ಟಿನಲ್ಲಿ ಸುಮ್ಮನೆ ತೂಗುತ್ತಿದ್ದವು.

"ಅಣ್ಣಾ, ಓ ಕಲ್ಲಿನ ಮೇಲಿನ ಅಣ್ಣಾ" ಅಂದಳು. "ನಾನು ಹೊರಟೆ. ಬಂದಾಗಿಂದ ನಿನ್ನ ಬೆನ್ನೇ ನೋಡ್ತಿದೀನಿ. ಒಂದ್ಸಲ ಮುಖ ತೋರಿಸಬಾರದಾ? ಆಗಲ್ವಾ? ಬಿಡು. ದೊಡ್ಡ ಮನುಷ್ಯ. ನೀನು ಆಗಿಂದ ಕೈ ಎತ್ತಿಕೊಂಡೇ ಇದೀಯ, ನಾನೂ ಒಂದು ಕೈ ಎತ್ತಿ ಹೋಗದಿದ್ರೆ ಮರ್ಯಾದೆಯಲ್ಲ."

ಬಳೆಗಳು ಮಣಿಕಟ್ಟಿನಿಂದ ಜಾರತೊಡಗಿದವು. ಕೈ ಮೇಲೇಳುವಾಗ ಬಳೆ ಮೊಣಕೈ ಕಡೆ ಜಾರುತ್ತದೆ. ಝಲ್ ಅನ್ನುವ ಆ ಸದ್ದು ಎಷ್ಟು ಉದ್ದ! ಅದರೊಳಗೆ ಅವನಿಗೆ ಮುಂದಾಗುವುದೆಲ್ಲ ಕಂಡಿತು. ಊರು ಭುಜ ಕೊಟ್ಟು ಇಳಿಸುವುದು. ಅವನ ಕಾಲಡಿಯ ಕಲ್ಲುಗಳನ್ನು ಒಂದೊಂದಾಗಿ ಹೊತ್ತು ಜನ ತಮ್ಮ ತಮ್ಮ ಹೊಸಿಲಿಗೆ ಹಾಕಿಕೊಳ್ಳುವುದು. ಅಂಗಾಲಿಗೆ ಧೂಳು. ಅವನು ಮಾಡಬೇಕಾದದ್ದು ಏನೂ ಇರಲಿಲ್ಲ. ಎತ್ತಿದ ಕೈಯನ್ನು ಎತ್ತಿದ ಹಾಗೇ ಇಟ್ಟುಕೊಂಡರೆ ಸಾಕು. ಎದುರಿನ ಕೊನೆಯ ಸಾಲಿನಿಂದ ಹಳೆಯ ಕೈಯವನು, ಈಗ ಹಣ್ಣು ಹಣ್ಣು ಮುದುಕ, ಅವನನ್ನೇ ನೋಡುತ್ತಿದ್ದ.

ತೋಳು ಬೇಡಿಕೊಂಡಿತು. ಆದರೆ ಕಿವಿಯಲ್ಲಿ ಆ ಎರಡು ಸಾಲು ಇನ್ನೂ ಇದ್ದವು. ಅವನು ಇಲ್ಲಿ ನಿಂತ ಮೇಲೂ ಅವು ಗುಡ್ಡದಾಚೆ ಇವಳಂಥವರ ಕಾಲಿನ ಮೇಲೆ ನಡೆದಿದ್ದವು. ಇವಳನ್ನು ಇಲ್ಲಿ ನಿಲ್ಲಿಸಿದರೆ ಆ ಹಾಡು ಯಾರ ಕಾಲಿನ ಮೇಲೆ ಹೋಗಬೇಕು?

ಬಳೆ ಮೊಣಕೈ ಮುಟ್ಟುವ ಮೊದಲು ಅವನು ಎರಡೂ ಕೈ ಕೆಳಗೆ ಬಿಟ್ಟ.

ಹಾಡು ನಿಂತಿತು.

ಕೊಂಬು ತುಟಿಯಲ್ಲಿ, ಕಮಾನು ತಂತಿಯ ಮೇಲೆ, ಬಾಯಿಗಳು ತೆರೆದ ಹಾಗೇ. ಯಾರೂ ಉಸಿರು ಎಳೆಯಲಿಲ್ಲ, ಬಿಡಲಿಲ್ಲ. ಆ ಊರಿನ ಗೋಡೆಗಳು ಮೊದಲ ಸಲ ಸದ್ದಿಲ್ಲದೆ ನಿಂತವು. ಹಿಂದೆ ಸಾಣೆಯವಳ ಕೈ ಪೂರ್ತಿ ಮೇಲೆದ್ದಿತ್ತು, ಅದಕ್ಕೆ ಉತ್ತರವಾಗಿ ಎತ್ತಿದ ಕೈ ಇರಲಿಲ್ಲ. ಊರಿನ ಒಂದು ಕಣ್ಣೂ ಅವಳ ಕಡೆ ತಿರುಗಲಿಲ್ಲ.

"ತಂಗೀ" ಅಂದ ಅವನು. ತುಕ್ಕು ಹಿಡಿದ ಬಾಗಿಲು ತೆರೆದ ಹಾಗಿತ್ತು ದನಿ. "ಕೈ ಇಳಿಸು. ಹೋಗು. ಹಾಡ್ತಾ ಹೋಗು."

"ಅಯ್ಯಪ್ಪಾ! ನಿನಗೆ ಬಾಯಿ ಇದೆಯಾ!"

"ಬೇಗ."

ಅವಳಿಗೆ ಏನು ಅರ್ಥವಾಯಿತೋ. ಬಳೆಗಳು ಮೊಣಕೈಯಿಂದ ಮಣಿಕಟ್ಟಿಗೆ ಇಳಿದವು. ರೊಟ್ಟಿಗೂ ಕಾಯದೆ ಹೆಜ್ಜೆಗಳು ಹೊರಟವು.

ಎದುರಿಗೆ ಮುಖಗಳು ಕೆಂಪಾಗುತ್ತಿದ್ದವು. ಮುಂದಿನ ಸಾಲಿನ ಹುಡುಗಿಯ ಕತ್ತಿನ ನರ ಉಬ್ಬಿತು. ಒಬ್ಬ ಕೊಂಬಿನವನು ವಾಲಿ ಪಕ್ಕದವನ ಭುಜಕ್ಕೆ ಬಿದ್ದ. ಹಳೆಯ ಕೈಯವನು ಮಾತ್ರ ಅವನ ಕಡೆಯಿಂದ ಕಣ್ಣು ತಪ್ಪಿಸಿ ನೆಲ ನೋಡಿದ. ಆ ಮುದುಕನೂ ಹಿಂದೊಂದು ಮಧ್ಯಾಹ್ನ ಹೀಗೇ ಒಬ್ಬನ ಹೆಜ್ಜೆ ಸದ್ದು ಕೇಳಿದ್ದ.

ಕೈ ಎತ್ತಬೇಕು. ಎತ್ತಬೇಕು. ಅವನು ಎತ್ತಲಿಲ್ಲ, ಇನ್ನೊಂದು ಹೆಜ್ಜೆ ಕೇಳಲಿ ಅಂದುಕೊಂಡ. ಕೇಳಿತು. ಇನ್ನೂ ಒಂದು. ಅದರಾಚೆ ಅವಳು ಹಾಡು ಹಿಡಿದದ್ದು ಗಾಳಿಯಲ್ಲಿ ತೇಲಿ ಬಂತು, ಎರಡು ಸಾಲು, ಆಮೇಲೆ ಏನೂ ಇಲ್ಲ.

ಕೈ ಎತ್ತಿದ.

ಊರು ಉಸಿರು ಎಳೆದುಕೊಂಡಿತು. ಆ ಸದ್ದಿಗೆ ಮರದ ಹಕ್ಕಿಗಳೆಲ್ಲ ಎದ್ದವು. ಆಮೇಲೆ ಬಂದ ಹಾಡು ಆ ಅಂಗಳ ಹಿಂದೆಂದೂ ಕೇಳದ ಹಾಡು. ಸತ್ತು ಬಂದವರು ಹಾಡಿದ ಹಾಗೆ.

ದೊಡ್ಡಮ್ಮ ರೊಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮುಖ ನೀಲಿ ಹೋಗಿ ಕೆಂಪಾಗುತ್ತಿತ್ತು, ಕಣ್ಣಲ್ಲಿ ನೀರು.

"ಎಂಥಾದ್ದು ಕೊಟ್ಟೆಯೋ ನನ್ನಪ್ಪಾ!" ಅಂದಳು. "ಸದ್ದು ಯಾರು ಬೇಕಾದ್ರೂ ಕೊಡ್ತಾರೆ. ಸುಮ್ಮನಿರೋದನ್ನ ಕೊಟ್ಟವರು ಈ ಊರಿನಲ್ಲಿ ಹುಟ್ಟಿಲ್ಲ. ಇಂಥಾ ಕೈಯನ್ನ ನಾವು ಬಿಡ್ತೀವಾ? ಮಣ್ಣಾಗೋವರೆಗೂ ಬಿಡಲ್ಲ."

ಅವತ್ತು ಸಂಜೆ ಕಲ್ಲುಕುಟಿಗರು ಒಂದು ಚಪ್ಪಡಿ ತರಲಿಲ್ಲ, ಗಾಡಿ ತುಂಬ ತಂದರು. ಹಲಗೆ ಕೊಟ್ಟು ಅವನನ್ನು ಮೇಲಕ್ಕೆತ್ತಿ, ಕೈ ಒಂದು ಕ್ಷಣವೂ ತಪ್ಪದ ಹಾಗೆ ನೋಡಿಕೊಂಡು, ಕಾಲಡಿಗೆ ಜೋಡಿಸಿದರು. ದೊಡ್ಡಮ್ಮನ ಬಿದಿರಿಗೆ ಇನ್ನೊಂದು ಬಿದಿರು ಕಟ್ಟಬೇಕಾಯಿತು. ಮಾರನೆಯ ದಿನದಿಂದ ಸಾಣೆಯವರನ್ನೂ ಬಾಗಿಲೊಳಗೆ ಬಿಡಲಿಲ್ಲ. ಈಳಿಗೆ ಮತ್ತೆ ಮೊಂಡಾಯಿತು, ಆಗಲಿ ಅಂದಳು ಅವಳು.

ಈಗಲೂ ಆ ಊರು ಹಾಡುತ್ತಿದೆ. ದಿನಕ್ಕೊಮ್ಮೆ, ಹಾಡು ಅದೇ ಜಾಗಕ್ಕೆ ಬಂದಾಗ, ಕೈಯವನು ಎರಡೂ ಕೈ ಕೆಳಗೆ ಬಿಡುತ್ತಾನೆ. ಇಡೀ ಊರು ಉಸಿರು ಬಿಗಿಹಿಡಿದು ನಿಲ್ಲುತ್ತದೆ. ನಮ್ಮ ಹಾಡಿನಲ್ಲೇ ಕಷ್ಟದ ಭಾಗ ಅದು ಅಂತ ಜನ ಹೊರಗಿನವರಿಗೆ ಹೆಮ್ಮೆಯಿಂದ ಹೇಳುತ್ತಾರೆ. ಅದು ಯಾತಕ್ಕೆ ಅಂತ ಹೇಳಲಾರರು. ಕೊನೆಯ ಸಾಲಿನಲ್ಲಿದ್ದ ಒಬ್ಬ ಮುದುಕನಿಗೆ ಗೊತ್ತಿತ್ತು, ಅವನು ಬಾಯಿ ಬಿಡಲಿಲ್ಲ.

ಕೈಯವನು ಬಾಯಿ ಮುಚ್ಚಿಕೊಂಡು, ಬೆನ್ನಿನಿಂದ ಕೇಳುತ್ತಾನೆ. ದಾರಿಯಲ್ಲಿ ಯಾರಾದರೂ ಹೋಗುತ್ತಿರುತ್ತಾರೆ. ಅವನ ಆ ಎರಡು ಸಾಲು ಹಾಡಿ, ಮೂರನೆಯದರ ಜಾಗ ಬಂದಾಗ ಅವರೂ ಸುಮ್ಮನಾಗುತ್ತಾರೆ. ಅಲ್ಲಿ ಅವರು ಸುಮ್ಮನೆ, ಇಲ್ಲಿ ಊರು ಸುಮ್ಮನೆ. ಅಷ್ಟು ಹೊತ್ತು ಅವನಿಗೆ ಕಾಲಡಿಯ ಕಲ್ಲು ತಿಳಿಯುವುದಿಲ್ಲ.

ಆಮೇಲೆ ಮುಂದಿನ ಸಾಲಿನ ಯಾವುದೋ ಕತ್ತಿನಲ್ಲಿ ನರ ಉಬ್ಬುತ್ತದೆ. ಅವನು ಕೈ ಎತ್ತುತ್ತಾನೆ.